40,000 ರೂಪಾಯಿಯೊಳಗೆ ಡೆಸ್ಕ್‌ಟಾಪ್: ಓದಿಗೂ ಸ್ವಲ್ಪ ಆಟಕ್ಕೂ ಯಾವುದು ಸರಿ?

ಅಡಿಕೆತೋಟ:

ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ತಂಗಿ ಈ ವರ್ಷ ಬಿಸಿಎ ಸೇರಿದ್ದಾಳೆ. ಅವಳ ಓದಿಗೆ, ಅಮ್ಮ ಮಹಿಳಾ ಸಂಘದ ಲೆಕ್ಕಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದಕ್ಕೆ, ರಾತ್ರಿ ಊಟದ ನಂತರ ನಾನೂ ತಂಗಿಯೂ ಒಂದಿಷ್ಟು ಹೊತ್ತು ಆಡುವುದಕ್ಕೆ, ಇಷ್ಟಕ್ಕೂ ಒಂದೇ ಕಂಪ್ಯೂಟರ್ ಸಾಕಾಗಬೇಕು. ಮಾನಿಟರ್, ಕೀಲಿಮಣೆ, ಮೌಸ್ ಎಲ್ಲ ಸೇರಿ 40,000 ರೂಪಾಯಿ. ಅದನ್ನು ಕೂಡಿಡಲು ಒಂದು ವರ್ಷ ಹಿಡಿದಿದೆ, ಹಾಗಾಗಿ ಮೇಲೆ ಸೇರಿಸುವ ದಾರಿಯಿಲ್ಲ.

ಆಡುವ ಆಟಗಳು ದೊಡ್ಡವೇನಲ್ಲ: ಮೈನ್‌ಕ್ರಾಫ್ಟ್, ವ್ಯಾಲೊರಂಟ್, ಯೂರೋ ಟ್ರಕ್ ಸಿಮ್ಯುಲೇಟರ್ 2, ಏಜ್ ಆಫ್ ಎಂಪೈರ್ಸ್ 2. ಆಗಾಗ ಜಿಟಿಎ 5.

ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟ ದರಪಟ್ಟಿ ಹೀಗಿದೆ: ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಹಾರ್ಡ್ ಡಿಸ್ಕ್, 19 ಇಂಚಿನ ಮಾನಿಟರ್. ಒಟ್ಟು 24,000. ಇನ್ನೂ 16,000 ಕೈಯಲ್ಲೇ ಉಳಿಯುತ್ತದೆ ಎಂದು ಮನೆಯವರಿಗೆಲ್ಲ ಸಂತೋಷವಾಗಿದೆ. ನಾಳೆ ಮುಂಗಡ ಕೊಡಬಹುದೇ?

ಎಸ್‌ಪಿ ರಸ್ತೆಯ ಹಳಬ:

ದಯವಿಟ್ಟು ಕೊಡಬೇಡಿ. ನಾನು ಬೆಂಗಳೂರಿನ ಎಸ್‌ಪಿ ರಸ್ತೆಯ ಸುತ್ತಮುತ್ತ 14 ವರ್ಷಗಳಿಂದ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಇಂಥ ದರಪಟ್ಟಿ ಹಿಡಿದು, ದುಡ್ಡು ಕೊಟ್ಟಾದ ಮೇಲೆ ಬರುವವರನ್ನು ಕಂಡು ನೊಂದಿದ್ದೇನೆ.

ಆ ಪಟ್ಟಿಯಲ್ಲಿ ಐ5 ಎಂದಿದೆ. ಯಾವ ತಲೆಮಾರಿನದು ಎಂದಿಲ್ಲ. ಐ5 ಎನ್ನುವುದು ಮನೆತನದ ಹೆಸರಿದ್ದಂತೆ. ಅಜ್ಜನಿಗೂ ಅದೇ ಹೆಸರು, ಮೊಮ್ಮಗನಿಗೂ ಅದೇ. ವಯಸ್ಸು ತಿಳಿಯಬೇಕಾದರೆ ಅದರ ಮುಂದಿನ ಸಂಖ್ಯೆ ಬೇಕು. ಐ5-3470 ಎಂದಿದ್ದರೆ ಮೂರನೆಯ ತಲೆಮಾರು, 2012ರದು. ಐ5-8500 ಎಂದಿದ್ದರೆ ಎಂಟನೆಯದು, 2018ರದು. 2022ರಲ್ಲಿ ಬಂದ ಐ3-12100 ಹೆಸರಿನಲ್ಲಿ ಚಿಕ್ಕದು, ಆದರೆ 2012ರ ಆ ಐ5 ಅದರ ಹತ್ತಿರಕ್ಕೂ ಬರುವುದಿಲ್ಲ. ಅಂಗಡಿಗೆ ಫೋನ್ ಮಾಡಿ ಪೂರ್ತಿ ಸಂಖ್ಯೆಯನ್ನು, ಮದರ್‌ಬೋರ್ಡ್‌ನ ಹೆಸರನ್ನು ಕೇಳಿ.

ಇನ್ನು ಜಿಟಿ 730. ಅದು 2014ರ ಕಾರ್ಡ್, ಬಂದ ದಿನವೇ ಅದರ ಶಕ್ತಿ ಕಡಿಮೆಯಿತ್ತು. 4 ಜಿಬಿ ಎಂಬ ಸಂಖ್ಯೆಗೆ ಮರುಳಾಗಬೇಡಿ. ಉಳುವ ಎತ್ತು ಮುದಿಯಾಗಿರುವಾಗ ಕಣಜ ದೊಡ್ಡದಿದ್ದು ಏನು ಫಲ?

ಅಡಿಕೆತೋಟ:

ಕೇಳಿದೆ. ಐ5-3470, ಎಚ್61 ಬೋರ್ಡ್. "ಬೋರ್ಡ್ ಹೊಸದು, ಡಬ್ಬದಲ್ಲೇ ಇದೆ, ವಿಂಡೋಸ್ 11 ಹಾಕಿಕೊಡುತ್ತೇವೆ" ಎಂದರು. ಬೋರ್ಡ್ ಹೊಸದಾದರೆ ಪರವಾಗಿಲ್ಲವೇ?

ಎಸ್‌ಪಿ ರಸ್ತೆಯ ಹಳಬ:

ಬೋರ್ಡ್ ಹೊಸದಾಗಿ ತಯಾರಾಗಿರಬಹುದು, ಆದರೆ ವಿನ್ಯಾಸ ಹಳೆಯದೇ. ಡಿಡಿಆರ್3 ರ್‍ಯಾಮ್ ಬಿಟ್ಟರೆ ಬೇರೆ ಕೂರುವುದಿಲ್ಲ. ಮೂರನೆಯ ತಲೆಮಾರಿಗಿಂತ ಮುಂದಿನ ಪ್ರೊಸೆಸರ್ ಹಿಡಿಸುವುದಿಲ್ಲ. ಅಲ್ಲಿಗೆ ದಾರಿ ಮುಗಿಯಿತು.

ವಿಂಡೋಸ್ 11ರ ಮಾತು ಇನ್ನೂ ಮುಖ್ಯ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ ಈಚೆಗೆ ಮಾತ್ರ ಅದಕ್ಕೆ ಅಧಿಕೃತ ಬೆಂಬಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರದಲ್ಲಿ ಉಪಾಯ ಮಾಡಿ 11 ಹಾಕಬಹುದು, ಅಂಗಡಿಯವರು ಹೇಳಿದ್ದು ಅದನ್ನೇ. ಆದರೆ ವ್ಯಾಲೊರಂಟ್‌ನ ಕಾವಲು ತಂತ್ರಾಂಶ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಿನ ಭದ್ರತಾ ತಪಾಸಣೆ) ಎರಡನ್ನೂ ಕೇಳುತ್ತದೆ. ಆ ಬೋರ್ಡ್‌ನಲ್ಲಿ ಟಿಪಿಎಂ 2.0 ಸಿಗುವುದಿಲ್ಲ. ಆಟ ತೆರೆಯುವ ಮೊದಲೇ ದೋಷಸೂಚನೆ ಬಂದು ನಿಲ್ಲುತ್ತದೆ. ನೀವು ಬರೆದ ಪಟ್ಟಿಯ ಎರಡನೆಯ ಆಟವೇ ಹೋಯಿತು.

ಬಿಸಿಲೂರು:

ರಾಯಚೂರಿನಿಂದ. ನನ್ನದೂ ಇಷ್ಟೇ ದುಡ್ಡಿನ ಕಥೆಯಾಗಿದ್ದರಿಂದ ಬರೆಯುತ್ತಿದ್ದೇನೆ. ಹೊಸದರ ಆಸೆ ಬಿಟ್ಟು, ದೊಡ್ಡ ಕಚೇರಿಗಳು ನಾಲ್ಕೈದು ವರ್ಷ ಬಳಸಿ ಹೊರಹಾಕುವ ಕಂಪ್ಯೂಟರ್‌ಗಳ ಕಡೆ ನೋಡಿ. ಡೆಲ್‌ನ ಆಪ್ಟಿಪ್ಲೆಕ್ಸ್, ಎಚ್‌ಪಿಯ ಎಲೈಟ್‌ಡೆಸ್ಕ್, ಲೆನೊವೊದ ಥಿಂಕ್‌ಸೆಂಟರ್ ಸರಣಿಯವು. ಇವು ದಿನವಿಡೀ ಓಡುವುದಕ್ಕೆಂದೇ ಮಾಡಿದವು, ಒಳಗಿನ ಕೆಲಸ ಅಚ್ಚುಕಟ್ಟು. ನಾನು ಐ5-8500 ಇರುವ ಒಂದನ್ನು ತಂದು, 16 ಜಿಬಿ ರ್‍ಯಾಮ್ ಮಾಡಿಸಿ, ಬಳಸಿದ ಜಿಟಿಎಕ್ಸ್ 1650 ಹಾಕಿದ್ದೇನೆ. ಆರು ಕೋರ್‌ಗಳು, ವಿಂಡೋಸ್ 11ಕ್ಕೆ ಅಡ್ಡಿಯಿಲ್ಲ, ಜಿಟಿಎ 5 ಚೆನ್ನಾಗಿ ಓಡುತ್ತದೆ. ನಮ್ಮ ಬೇಸಿಗೆಯ ನಲವತ್ತು ಡಿಗ್ರಿ ಸೆಕೆಯಲ್ಲೂ ಎರಡು ವರ್ಷ ಕೈಕೊಟ್ಟಿಲ್ಲ.

ಎಸ್‌ಪಿ ರಸ್ತೆಯ ಹಳಬ:

ಬಿಸಿಲೂರಿನವರ ಸಲಹೆ ಒಳ್ಳೆಯದು, ನಾನೂ ಹತ್ತಾರು ಜನರಿಗೆ ಅದನ್ನೇ ಹೇಳಿದ್ದೇನೆ. ಆದರೆ ಕೊಳ್ಳುವ ಮುನ್ನ ಮೂರು ವಿಷಯ ನೋಡಲೇಬೇಕು.

ಪೆಟ್ಟಿಗೆಯ ಗಾತ್ರ. ತೆಳುವಾದ ಪೆಟ್ಟಿಗೆಯಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ, ಆ ಬಗೆಯ ಜಿಟಿಎಕ್ಸ್ 1650 ಹುಡುಕುವುದು ಕಷ್ಟ, ಸಿಕ್ಕರೆ ದುಬಾರಿ. ಟವರ್ ಪೆಟ್ಟಿಗೆಯನ್ನೇ ಕೇಳಿ.

ಎಸ್‌ಎಂಪಿಎಸ್. ಅಂದರೆ ಕಂಪ್ಯೂಟರ್‌ನ ಭಾಗಗಳಿಗೆ ವಿದ್ಯುತ್ ಕೊಡುವ ಡಬ್ಬ. ತೆಳು ಪೆಟ್ಟಿಗೆಗಳಲ್ಲಿ ಅದು 200 ವ್ಯಾಟ್ ಆಸುಪಾಸಿನದು, ಗ್ರಾಫಿಕ್ಸ್ ಕಾರ್ಡ್‌ಗೆಂದು ಬೇರೆ ವಿದ್ಯುತ್ ತಂತಿ ಇರುವುದಿಲ್ಲ. ಮದರ್‌ಬೋರ್ಡ್‌ನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಓಡುವ ಕಾರ್ಡ್ ಬೇಕು. ಮುಂದೆ ದೊಡ್ಡದನ್ನು ಬದಲಿಸೋಣವೆಂದರೆ ಪಿನ್‌ಗಳ ಆಕಾರ ಕಂಪನಿಯದೇ, ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಹೊಂದುವುದಿಲ್ಲ.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಇಂಥ ಪೆಟ್ಟಿಗೆಗೆ ಆರ್‌ಎಕ್ಸ್ 6400 ಕಾರ್ಡ್ ಹಾಕಿ ಎಂದು ಹೇಳುವವರಿದ್ದಾರೆ. ಅದು ಕೇವಲ ನಾಲ್ಕು ಲೇನ್‌ಗಳ, ಅಂದರೆ ಬೋರ್ಡ್ ಜೊತೆ ದತ್ತಾಂಶ ಸಾಗಿಸುವ ನಾಲ್ಕೇ ದಾರಿಗಳ ಕಾರ್ಡ್. ಆ ದಾರಿಗಳ ವೇಗದ ಮಟ್ಟ ಪಿಸಿಐಇ 4.0 ಇರುವ ಹೊಸ ಬೋರ್ಡ್‌ನಲ್ಲಿ ಅದಕ್ಕೆ ತೊಂದರೆಯಿಲ್ಲ. ಎಂಟನೆಯ ತಲೆಮಾರಿನ ಬೋರ್ಡ್‌ಗಳಲ್ಲಿ ಇರುವುದು 3.0, ಅಲ್ಲಿ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಕಾರ್ಡ್‌ನ 4 ಜಿಬಿ ನೆನಪು ತುಂಬಿದ ಕ್ಷಣ ಆಟ ತಡವರಿಸುತ್ತದೆ. ಜಿಟಿಎಕ್ಸ್ 1650 ಹದಿನಾರು ಲೇನ್‌ಗಳದ್ದು, ಹಳೆಯ ಬೋರ್ಡ್‌ಗೆ ಅದೇ ಸರಿ.

ಫ್ರೇಮ್‌ಲೆಕ್ಕ:

ಎಲ್ಲರೂ ಹಳೆಯ ಕಂಪ್ಯೂಟರ್ ಕೊಡಿಸುತ್ತಿದ್ದೀರಿ. ಹೊಸ ಐ3-12100ಎಫ್, ಎಚ್610 ಬೋರ್ಡ್, ಬಳಸಿದ ಆರ್‌ಎಕ್ಸ್ 580 ಎಂಟು ಜಿಬಿ. ನಾನು ಹಾಕಿಸಿಕೊಂಡಿರುವುದು ಇದೇ. ಅಷ್ಟೇ ದುಡ್ಡಿಗೆ ಇದಕ್ಕಿಂತ ಹೆಚ್ಚು ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳು, ಬೇರೆಲ್ಲೂ ಸಿಗುವುದಿಲ್ಲ. ಆಟಕ್ಕೆಂದು ಕೊಳ್ಳುವಾಗ ಗ್ರಾಫಿಕ್ಸ್ ಕಾರ್ಡ್‌ಗೇ ಹೆಚ್ಚು ದುಡ್ಡು ಹಾಕಬೇಕು.

ತುಂಗೆಯ ದಡ:

ಫ್ರೇಮ್‌ಲೆಕ್ಕದವರ ಲೆಕ್ಕ ತಪ್ಪೆಂದು ಹೇಳುವುದಿಲ್ಲ, ಆದರೆ ಇದು ಒಂದೇ ಕಂಪ್ಯೂಟರ್ ಇರುವ ಮನೆ. ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಆ ಬಳಸಿದ ಕಾರ್ಡ್ ಒಂದು ದಿನ ಸತ್ತರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಅವರ ತಂಗಿಯ ಅಸೈನ್‌ಮೆಂಟ್ ನಿಲ್ಲುತ್ತದೆ, ಅಮ್ಮನ ಲೆಕ್ಕಪತ್ರವೂ ನಿಲ್ಲುತ್ತದೆ. ಆರ್‌ಎಕ್ಸ್ 580ಗಳಲ್ಲಿ ಎಷ್ಟೋ ಕ್ರಿಪ್ಟೊ ಹಣದ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದವು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತಾಗ ಅವು ರಾಶಿರಾಶಿಯಾಗಿ ಪೇಟೆಗೆ ಬಂದವು. ಚೆನ್ನಾಗಿರುವುದೂ ಇದೆ, ಆದರೆ ಸಾಗರದಲ್ಲಿ ಕುಳಿತು ಅಂಚೆಯಲ್ಲಿ ತರಿಸಿಕೊಳ್ಳುವವರು ಅದನ್ನು ಹೇಗೆ ಪರೀಕ್ಷಿಸಬೇಕು?

ನನ್ನ ಸಲಹೆ ಎಎಂಡಿಯ ರೈಜೆನ್ 5 5600ಜಿ. 2021ರದು, ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್. ಬೇರೆ ಕಾರ್ಡ್ ಇಲ್ಲದೆ ನೀವು ಬರೆದ ಎಲ್ಲ ಆಟಗಳೂ ಓಡುತ್ತವೆ. ಮುಂದೆ ದುಡ್ಡು ಬಂದಾಗ ಕಾರ್ಡ್ ಸೇರಿಸಬಹುದು.

ಒಂದು ಮಾತನ್ನು ಮಾತ್ರ ಮರೆಯಬೇಡಿ. ರ್‍ಯಾಮ್ ಎರಡು ಕಡ್ಡಿಗಳಲ್ಲಿರಲಿ. ಮೂರು ವರ್ಷದ ಹಿಂದೆ ನಾನು ಇದೇ ಪ್ರೊಸೆಸರ್‌ನ್ನು 16 ಜಿಬಿಯ ಒಂದೇ ಕಡ್ಡಿಯೊಂದಿಗೆ ತಂದೆ, ಇನ್ನೊಂದು ಜಾಗ ಖಾಲಿ ಇರಲಿ, ಮುಂದೆ ಸೇರಿಸೋಣ ಎಂದುಕೊಂಡೆ. ಜಿಟಿಎ 5 ಎಳೆದೆಳೆದು ಓಡುತ್ತಿತ್ತು. ಪ್ರೊಸೆಸರ್ ಆರಿಸಿದ್ದೇ ತಪ್ಪಾಯಿತೆಂದು ಆರು ತಿಂಗಳು ಕೊರಗಿದೆ. ಆಮೇಲೆ ಗೆಳೆಯನೊಬ್ಬ ಅದನ್ನು ತೆಗೆದು ಎಂಟು ಎಂಟು ಜಿಬಿಯ ಎರಡು ಕಡ್ಡಿ ಹಾಕಿದ. ಅದೇ ಆಟ, ಅದೇ ಪರದೆ, ಬೇರೆಯೇ ಕಂಪ್ಯೂಟರ್ ತಂದಂತಾಯಿತು. ಕಾರಣ ಸರಳ: ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ನೆನಪಿಲ್ಲ, ರ್‍ಯಾಮ್‌ನಿಂದಲೇ ಸಾಲ ಪಡೆಯಬೇಕು. 3200 ವೇಗದ ಡಿಡಿಆರ್4ನ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಜೋಡಿಯಾದರೆ 51.2. ಸಣ್ಣ ಕಾಲುದಾರಿಗೂ ಗಾಡಿದಾರಿಗೂ ಇರುವ ವ್ಯತ್ಯಾಸ.

ಫ್ರೇಮ್‌ಲೆಕ್ಕ:

ಅಂಚೆಯಲ್ಲಿ ತರಿಸುವ ಮಾತು ಒಪ್ಪುತ್ತೇನೆ. ನಾನು ಕಣ್ಣೆದುರೇ ಒಂದು ಗಂಟೆ ಆಟ ಓಡಿಸಿ ನೋಡಿ ಕೊಂಡಿದ್ದೆ. ಹಾಗೆ ನೋಡಲಾಗದವರು ಬಳಸಿದ ಕಾರ್ಡ್ ಕೊಳ್ಳಬಾರದು. ಹಳೆಯ ಕಾರ್ಡ್‌ಗೆ ಹೊಸ ಹೆಸರು ತುಂಬಿ ಮಾರುವವರೂ ಇದ್ದಾರೆ. ಜಿಪಿಯು-ಝಡ್ ತಂತ್ರಾಂಶದಲ್ಲಿ ತೆರೆದರೆ ಅಂಥದ್ದು ನಕಲಿ ಎಂದು ಬಹುಪಾಲು ಹೊರಬೀಳುತ್ತದೆ. ಆರ್‌ಎಕ್ಸ್ 580 ಎಂದು ಬರೆದು 2048 ಎಂಬ ಸಂಖ್ಯೆ ಜೊತೆಗಿದ್ದರೆ ಅದು ಮೂಲ 580 ಅಲ್ಲ, ಅದರ ಕಡಿಮೆ ಶಕ್ತಿಯ ರೂಪ.

ಆದರೆ 5600ಜಿ ಬಗ್ಗೆಯೂ ಒಂದು ಸತ್ಯ ಹೇಳಬೇಕು. ಅದರ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್‌ನೊಳಗಿನ ವೇಗದ ನೆನಪು, 16 ಎಂಬಿ. ಜಿ ಅಕ್ಷರವಿಲ್ಲದ 5600ರಲ್ಲಿ 32. ನಾಳೆ ದೊಡ್ಡ ಕಾರ್ಡ್ ಹಾಕಿದಾಗ ಆ ಕೊರತೆ ಕಾಣುತ್ತದೆ. ಮುಂದಿನ ವರ್ಷವೇ ಕಾರ್ಡ್ ಹಾಕುವುದು ಖಚಿತವಾಗಿದ್ದರೆ 5600ಜಿ ಸರಿಯಾದ ಆಯ್ಕೆಯಲ್ಲ.

ತುಂಗೆಯ ದಡ:

ಸರಿ. ಮುಂದಿನ ವರ್ಷ ಖಚಿತವೆನ್ನುವವರಿಗೆ ನಿಮ್ಮ ಮಾತು ಸರಿ. ಒಂದು ವರ್ಷ ಕೂಡಿಟ್ಟು 40,000 ತಂದವರಿಗೆ ಅಂಥ ಖಚಿತತೆ ಇರುವುದಿಲ್ಲ.

ಕಡಲತಡಿ:

ಇಲ್ಲಿಯವರೆಗೆ ಓದಿದೆ. ಪ್ರೊಸೆಸರ್, ಕಾರ್ಡ್, ರ್‍ಯಾಮ್ ಎಲ್ಲದರ ಚರ್ಚೆಯಾಯಿತು. ಮಲೆನಾಡಿನ ಮನೆಯೊಂದಕ್ಕೆ ಕಂಪ್ಯೂಟರ್ ಹೋಗುತ್ತಿದೆ, ಆದರೆ ಯಾರೂ ಸಿಡಿಲಿನ ಹೆಸರೆತ್ತಲಿಲ್ಲ. ನಾನು ಉಡುಪಿ ಜಿಲ್ಲೆಯವನು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಒಂದು ಮದರ್‌ಬೋರ್ಡ್, ಒಂದು ರೂಟರ್ ಕಳೆದುಕೊಂಡ ಮೇಲೆ ಇದನ್ನು ಕಲಿತೆ. ಕಂಪ್ಯೂಟರ್‌ನ ಪ್ಲಗ್ ಕಿತ್ತಿದ್ದೆ, ಲ್ಯಾನ್ ತಂತಿ ಕಿತ್ತಿರಲಿಲ್ಲ. ತಾಮ್ರದ ತಂತಿ ಯಾವುದಿದ್ದರೂ ಅದು ಸಿಡಿಲಿಗೆ ಬಾಗಿಲು. ಈಗ ಮೋಡ ಕವಿದ ಕೂಡಲೇ ಎರಡನ್ನೂ ತೆಗೆಯುತ್ತೇನೆ. ಸ್ವಿಚ್ ಆರಿಸಿದರೆ ಸಾಲದು, ಗೋಡೆಯಿಂದ ಪ್ಲಗ್ ಹೊರಗೆ ಬರಬೇಕು.

ಇನ್ನೊಂದು ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇರುತ್ತದೆ, ಮೇಲಿನ ರಂಧ್ರಕ್ಕೆ ತಂತಿಯೇ ಇರುವುದಿಲ್ಲ. ಕಂಪ್ಯೂಟರ್ ಪೆಟ್ಟಿಗೆ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದರಿಂದಲೇ. ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ತಿನ ಕಲಬೆರಕೆಯನ್ನು ಸೋಸಿ ನೆಲಕ್ಕೆ ಕಳಿಸುವ ಕೆಪಾಸಿಟರ್‌ಗಳಿರುತ್ತವೆ. ನೆಲಕ್ಕೆ ದಾರಿಯಿಲ್ಲದಿದ್ದರೆ ಲೋಹದ ಪೆಟ್ಟಿಗೆಯ ಮೇಲೆಯೇ ಸುಮಾರು ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಎಲೆಕ್ಟ್ರೀಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಿಸಿ. ಎರಡು ಮೂರು ವೋಲ್ಟ್ ಒಳಗಿದ್ದರೆ ನೆಮ್ಮದಿ. ಹೊಸ ಅರ್ಥಿಂಗ್ ಗುಂಡಿಯ ಖರ್ಚನ್ನು ಕಂಪ್ಯೂಟರ್‌ನ ಖರ್ಚೆಂದೇ ಎಣಿಸಿ.

ಎಸ್‌ಪಿ ರಸ್ತೆಯ ಹಳಬ:

ಕಡಲತಡಿಯವರ ಪ್ರತಿ ಅಕ್ಷರವೂ ನಿಜ. ನನ್ನ ಮೇಜಿಗೆ ಬರುವ ಸತ್ತ ಬೋರ್ಡ್‌ಗಳಲ್ಲಿ ಆಟದಿಂದ ಸತ್ತದ್ದನ್ನು ನಾನು ಕಂಡಿಲ್ಲ, ಕೆಟ್ಟ ವಿದ್ಯುತ್ತಿನಿಂದ ಸತ್ತವೇ ಹೆಚ್ಚು. ಅದಕ್ಕೇ ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡ. 450 ವ್ಯಾಟ್, ವಿದ್ಯುತ್ ಪೋಲು ಕಡಿಮೆ ಎಂದು ಸೂಚಿಸುವ 80 ಪ್ಲಸ್ ಬ್ರಾಂಜ್ ಗುರುತಿರುವ, ಗ್ಯಾರಂಟಿ ಇರುವ ಒಂದನ್ನು ತನ್ನಿ. ಕಾರ್ಡ್ ಬಂದಾಗ ಅದೇ ಸಾಕು, ಉದಾಹರಣೆಗೆ ಆರ್‌ಎಕ್ಸ್ 6600 ಕಾರ್ಡ್ ತಿನ್ನುವುದು 132 ವ್ಯಾಟ್. ಯುಪಿಎಸ್ ಈಗಲೇ ಆಗದಿದ್ದರೆ ಆಮೇಲೆ. 600 ವಿಎ ಎಂದು ಬರೆದದ್ದರಿಂದ ಸಿಗುವುದು ಸುಮಾರು 360 ವ್ಯಾಟ್ ಮಾತ್ರ, ನಿಮ್ಮ ಕಂಪ್ಯೂಟರ್‌ಗೂ ಮಾನಿಟರ್‌ಗೂ ಅದು ಧಾರಾಳ.

ತೋಟದ ತಂಗಿ:

ನಾನೇ ಆ ತಂಗಿ. ಅಣ್ಣ ಇದನ್ನೆಲ್ಲ ಓದಿ ಹೇಳುತ್ತಿದ್ದಾನೆ. ವ್ಯಾಲೊರಂಟ್ ಅವನ ಆಸೆ, ನನ್ನದಲ್ಲ. ನನಗೆ ಆಟ ಮಾಡುವುದನ್ನು ಕಲಿಯಬೇಕಾಗಿದೆ. ಕಾಲೇಜಿನ ಲ್ಯಾಬ್‌ನಲ್ಲಿ ಸೀನಿಯರ್ ಒಬ್ಬರು ಗೊಡೊ ಎಂಬ ಉಚಿತ ತಂತ್ರಾಂಶ ತೋರಿಸಿದರು. ನನ್ನ ಊರಿನ ದಾರಿ, ಕೆರೆ, ದೀಪಾವಳಿಯ ರಾತ್ರಿ ಇವನ್ನಿಟ್ಟು ಒಂದು ಪುಟ್ಟ ಆಟ ಮಾಡಬೇಕೆಂದಿದೆ. ನೀವು ಹೇಳುತ್ತಿರುವ 5600ಜಿಯಲ್ಲಿ ಅದು ಆಗುತ್ತದೆಯೇ? ಆಗದಿದ್ದರೆ ನನಗಾಗಿ ಇನ್ನೊಂದು ವರ್ಷ ಕಾಯಬೇಕಾಗಬಹುದೇನೋ ಎಂದು ಭಯವಾಗಿದೆ.

ತುಂಗೆಯ ದಡ:

ಆಗುತ್ತದೆ, ಕಾಯಬೇಡಿ. ಗೊಡೊ ಹಗುರವಾದದ್ದು. ಎರಡು ಆಯಾಮದ ಆಟಕ್ಕೆ ಈ ಪ್ರೊಸೆಸರ್ ಬೇಕಾದಷ್ಟಾಯಿತು, ಸರಳವಾದ ಮೂರು ಆಯಾಮದ್ದಕ್ಕೂ ಸಾಕು. ಆರು ಕೋರ್‌ಗಳ ಬೆಲೆ ನಿಜವಾಗಿ ತಿಳಿಯುವುದು ಇಂಥ ಕೆಲಸದಲ್ಲೇ. ಪುಣೆಯ ನೋಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ ನಮ್ಮ ಪುರಾಣಗಳ ಜಗತ್ತನ್ನಿಟ್ಟು 2020ರಲ್ಲಿ ರಾಜಿ ಎಂಬ ಆಟ ಹೊರತಂದಿತು. ನೀವು ಕೆರೆಯ ದಂಡೆಯಿಂದಲೇ ಶುರುಮಾಡಿ.

ಫ್ರೇಮ್‌ಲೆಕ್ಕ:

ಹಾಗಿದ್ದರೆ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಇಲ್ಲಿ ನಾಲ್ಕು ಕೋರ್‌ಗಿಂತ ಆರು ಕೋರ್ ಮೇಲು. ಹಾರ್ಡ್ ಡಿಸ್ಕ್ ಬೇಡವೇ ಬೇಡ, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಹೆಚ್ಚು ವೇಗದ ಸಂಗ್ರಹ) ಹಾಕಿಸಿ. ತಂಗಿ ಮಾಡುವ ಕೆಲಸದ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲೂ ಇಡಿ.

ಅಡಿಕೆತೋಟ:

ಅವಳು ಇದನ್ನು ನನಗೆ ಹೇಳಿಯೇ ಇರಲಿಲ್ಲ. ಇಲ್ಲಿ ಓದಿದಾಗಲೇ ತಿಳಿಯಿತು.

5600ಜಿ ಎಂದೇ ತೀರ್ಮಾನಿಸಿದೆವು. ಆದರೆ ಶಿವಮೊಗ್ಗದಲ್ಲಿ ವಿಚಾರಿಸಿದರೆ ರ್‍ಯಾಮ್ ಬೆಲೆ ಕೇಳಿ ಎದೆ ಒಡೆಯಿತು. ತುಂಗೆಯ ದಡದವರು ತಂದ ಕಾಲದ ಬೆಲೆಗೂ ಇಂದಿನದಕ್ಕೂ ಹೋಲಿಕೆಯೇ ಇಲ್ಲ. ಒಟ್ಟು ಮೊತ್ತ 45,000 ದಾಟುತ್ತಿದೆ. ಈಗ ಒಂದು ಕಡ್ಡಿ ಹಾಕಿಸಿ, ಇನ್ನೊಂದನ್ನು ಆಮೇಲೆ ಸೇರಿಸಲೇ?

ಎಸ್‌ಪಿ ರಸ್ತೆಯ ಹಳಬ:

2025ರ ಕೊನೆಯ ತಿಂಗಳುಗಳಿಂದ ಹೀಗಾಗಿದೆ. ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಳ್ಳುತ್ತಿವೆ, ಅದರ ಬಿಸಿ ಸಾಗರದ ಮನೆಗೂ ತಟ್ಟಿದೆ. ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಒಂದು ಕಡ್ಡಿಯ ಯೋಚನೆ ಬಿಡಿ. ಬದಲಿಗೆ ರ್‍ಯಾಮ್ ಮಾತ್ರ ಬಳಸಿದ್ದು ಕೊಳ್ಳಿ. ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಇವು ಸವೆಯುವ ವಸ್ತುಗಳು; ಫ್ಯಾನ್ ಇರುತ್ತದೆ, ಬಿಸಿ ಇರುತ್ತದೆ. ರ್‍ಯಾಮ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಟ್ಟಿದ್ದರೆ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶ ರಾತ್ರಿಯಿಡೀ ಓಡಿಸಿದಾಗ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕಚೇರಿಯ ಡೆಸ್ಕ್‌ಟಾಪ್‌ಗಳಿಂದ ಬಿಚ್ಚಿದ 8 ಜಿಬಿ ಡಿಡಿಆರ್4 ಕಡ್ಡಿಗಳನ್ನು, ಒಂದೇ ಬಗೆಯ ಎರಡನ್ನು, ಮರಳಿಸುವ ಅವಕಾಶ ಕೊಡುವವರಿಂದ ತೆಗೆದುಕೊಳ್ಳಿ. ಲ್ಯಾಪ್‌ಟಾಪ್‌ನದು ಗಿಡ್ಡವಾಗಿರುತ್ತದೆ, ಅದು ಕೂರುವುದಿಲ್ಲ, ನೋಡಿಕೊಳ್ಳಿ. ಮೇಲೆ ಅಂಟಿಸಿದ ಚೀಟಿಯಲ್ಲಿ 3200 ಎಂದಿರಲಿ.

ಅಡಿಕೆತೋಟ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕಂಪ್ಯೂಟರ್ ಮನೆಗೆ ಬಂದಿದೆ. 5600ಜಿ, ಬಿ550 ಬೋರ್ಡ್, ಬಳಸಿದ ಎರಡು 8 ಜಿಬಿ ಕಡ್ಡಿ, 500 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್, ಗಾಳಿಯಾಡುವ ಕ್ಯಾಬಿನೆಟ್, 22 ಇಂಚಿನ ಮಾನಿಟರ್. ಎಲ್ಲ ಸೇರಿ 39,300. ಅರ್ಥಿಂಗ್ ಗುಂಡಿಯ ಖರ್ಚನ್ನು ಅಪ್ಪ ಕೊಟ್ಟರು.

ಮೆಮ್‌ಟೆಸ್ಟ್ ಮೊದಲ ರಾತ್ರಿಯೇ ಒಂದು ಕಡ್ಡಿಯಲ್ಲಿ ಕೆಂಪು ಸಾಲುಗಳನ್ನು ತೋರಿಸಿತು. ಫೋಟೋ ಕಳಿಸಿದೆ, ಮಾರಿದವರು ಎರಡು ಮಾತಾಡದೆ ಬದಲಿಸಿಕೊಟ್ಟರು. ಹೇಳದೆ ಹೋಗಿದ್ದರೆ ನನಗೆ ಪರೀಕ್ಷಿಸುವುದು ಹೊಳೆಯುತ್ತಲೇ ಇರಲಿಲ್ಲ.

ಈಗಿನ ತೊಂದರೆ: ಜಿಟಿಎ 5 ನಿರೀಕ್ಷಿಸಿದಷ್ಟು ನಯವಾಗಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ರ್‍ಯಾಮ್ ವೇಗ 2133 ಎಂದಿದೆ.

ತುಂಗೆಯ ದಡ:

ಮೊದಲು ಎರಡು ಕಡ್ಡಿಗಳು ಬೋರ್ಡ್‌ನ ಸರಿಯಾದ ಜಾಗದಲ್ಲಿವೆಯೇ ನೋಡಿ. ನಾಲ್ಕು ಜಾಗಗಳಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಪಕ್ಕಪಕ್ಕದಲ್ಲಿ ಹಾಕಿದರೆ ಜೋಡಿಯಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗಿ ಮೆಮೊರಿಯ ವೇಗವನ್ನು 3200ಕ್ಕೆ ಇಡಿ. ಅಲ್ಲೇ ಗ್ರಾಫಿಕ್ಸ್‌ಗೆ ಮೀಸಲಿಡುವ ನೆನಪನ್ನು 2 ಜಿಬಿ ಮಾಡಿ.

ಅಡಿಕೆತೋಟ:

ಪಕ್ಕಪಕ್ಕದಲ್ಲೇ ಇದ್ದವು. ತಂಗಿ ಪ್ಲಗ್ ಕಿತ್ತು, ತಾನೇ ತೆಗೆದು ಸರಿಯಾಗಿ ಕೂರಿಸಿದಳು. ವೇಗವನ್ನೂ ಬದಲಿಸಿದೆವು. ಆಟ ನೀರು ಹರಿದಂತೆ ಓಡುತ್ತಿದೆ.

ನಿನ್ನೆ ಸಂಜೆ ಗುಡುಗು ಶುರುವಾದಾಗ ನಾನು ತೋಟದಲ್ಲಿದ್ದೆ. ಓಡಿಬಂದು ನೋಡಿದರೆ ಅಮ್ಮ ಆಗಲೇ ಪ್ಲಗ್‌ನ್ನೂ ಲ್ಯಾನ್ ತಂತಿಯನ್ನೂ ಕಿತ್ತು ಮೇಜಿನ ಮೇಲೆ ಸುತ್ತಿ ಇಟ್ಟಿದ್ದರು.